ಆತ್ಮರಕ್ಷಣೆಯ ಶೂಟಿಂಗ್: ಕೈಗೆ ಅಭ್ಯಾಸ, ಕಾಲಿಗೆ ಕಸುವು

ಶೂಟಿಂಗ್ ರೇಂಜಿನಲ್ಲಿ ಗುರಿ ಹಲಗೆ ಓಡುವುದಿಲ್ಲ. ನಮ್ಮ ಮೇಲೆ ಏರಿ ಬರುವುದೂ ಇಲ್ಲ. ನಾವು ಆರಾಮಾಗಿ ನಿಂತು, ಉಸಿರು ಸರಿ ಮಾಡಿಕೊಂಡು, ಬೇಕೆನಿಸಿದಾಗ ಹೊಡೆಯುತ್ತೇವೆ. ಗುಂಡೆಲ್ಲ ನಡುವಿನ ವೃತ್ತದಲ್ಲೇ ಬಿದ್ದರೆ ಖುಷಿಯಾಗಿ ಮನೆಗೆ ಹೋಗುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಆದರೆ ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡವರಿಗೆ ಇಷ್ಟು ಸಾಲದು. ಅಪಾಯದ ಹೊತ್ತಿನಲ್ಲಿ ಮೊದಲು ಕೈಕೊಡುವುದು ಕಾಲು ಮತ್ತು ಉಸಿರು. ಆಮೇಲೆ ಕಣ್ಣು, ಅದರ ಹಿಂದೆಯೇ ತಲೆ. ಗುರಿ ತಪ್ಪುವುದು ಇವೆಲ್ಲ ಆದ ಮೇಲೆ.

ಈ ತರಬೇತಿಯ ಉದ್ದೇಶದ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಹೊಡೆಯದೆ ಪಾರಾಗುವ ದಾರಿಗಳನ್ನು ಕೊನೇ ಕ್ಷಣದವರೆಗೂ ತೆರೆದಿಟ್ಟುಕೊಳ್ಳುವುದಕ್ಕೇ ನಾವು ಕಲಿಯುವುದು. ಓಡಬಲ್ಲವನಿಗೆ ಓಡುವ ದಾರಿ ಇದೆ. ತೋಳಲ್ಲಿ ಬಲ ಇದ್ದವನಿಗೆ ತಳ್ಳಿ ಬಾಗಿಲು ಹಾಕಿಕೊಳ್ಳುವ ದಾರಿ ಇದೆ. ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವವನಿಗೆ ಉಳಿಯುವುದು ಸೊಂಟದಲ್ಲಿರುವ ಒಂದೇ ದಾರಿ. ಅದು ಎಲ್ಲಕ್ಕಿಂತ ಕೆಟ್ಟ ದಾರಿ.

ಒಂದೂವರೆ ಸೆಕೆಂಡಿನ ಲೆಕ್ಕ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಸಾರ್ಜೆಂಟ್ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಚಾಕು ಹಿಡಿದವನು ಎಷ್ಟು ದೂರದಲ್ಲಿದ್ದರೆ ಅಪಾಯ ಅನ್ನುವುದು ಅವರ ಪ್ರಶ್ನೆ. ಜನರನ್ನು ಓಡಿಸಿ ಸಮಯ ಅಳೆದಾಗ, ಸಾಮಾನ್ಯ ಆರೋಗ್ಯದ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ ಅಂತ ಗೊತ್ತಾಯಿತು. ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲದಿಂದ (ಹೋಲ್‌ಸ್ಟರ್) ಪಿಸ್ತೂಲು ತೆಗೆದು ಗುರಿಗೆ ಹೊಡೆಯಲು ಅಭ್ಯಾಸ ಇರುವವರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಇದು ಆಮೇಲೆ ‘21 ಅಡಿ ನಿಯಮ’ ಅಂತ ಬಾಯಿಂದ ಬಾಯಿಗೆ ಹರಡಿತು. ಅಷ್ಟು ಹತ್ತಿರ ಬಂದವನಿಗೆ ಹೊಡೆಯಬಹುದು ಅಂತ ಅರ್ಥ ಮಾಡಿಕೊಂಡವರೂ ಇದ್ದಾರೆ. ಟ್ಯೂಲರ್ ಅಳೆದದ್ದು ಬರೀ ಸಮಯವನ್ನು, ಯಾರಿಗೂ ಹೊಡೆಯುವ ಅನುಮತಿ ಕೊಡಲಿಲ್ಲ. ಅವರ ಲೆಕ್ಕವನ್ನು ಸರಿಯಾಗಿ ಓದಿದರೆ ನಮ್ಮ ಕೈಯಲ್ಲಿರುವ ಹೊತ್ತು ಎಷ್ಟು ಕಡಿಮೆ ಅನ್ನುವುದು ಕಾಣುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆ ಕೈ ಅಲುಗಾಡಲು ಸುಮಾರು ಕಾಲು ಸೆಕೆಂಡು ಬೇಕು. ಅದೂ ಮಾಡಬೇಕಾದ ಕೆಲಸ ಒಂದೇ ಅಂತ ಮೊದಲೇ ಗೊತ್ತಿದ್ದರೆ. ಆಯ್ಕೆಗಳು ಹೆಚ್ಚಾದ ಹಾಗೆ ಈ ಹೊತ್ತೂ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ದರು. ಎದುರಿನವನ ಕೈಯಲ್ಲಿರುವುದು ಮೊಬೈಲಾ, ಚಾಕುವಾ ಅಂತ ತೀರ್ಮಾನ ಮಾಡುವಷ್ಟರಲ್ಲಿ ಒಂದೂವರೆ ಸೆಕೆಂಡಿನ ದೊಡ್ಡ ಪಾಲು ಖರ್ಚಾಗಿರುತ್ತದೆ.

ಪಿಸ್ತೂಲನ್ನು ಬೇಗ ತೆಗೆಯಲು ಕಲಿತು ಈ ಕೊರತೆ ತುಂಬಿಸುತ್ತೇನೆ ಅಂತ ಹೊರಟರೆ ಸಿಗುವುದು ಸೆಕೆಂಡಿನ ಸಣ್ಣ ಚೂರು. ಪಕ್ಕಕ್ಕೆ ಚುರುಕಾಗಿ ಎರಡು ಹೆಜ್ಜೆ ಸರಿದು, ನಡುವೆ ಒಂದು ಕಾರೋ ಮೇಜೋ ಬರುವ ಹಾಗೆ ನಿಂತರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಮೊದಲೇ ಗಮನಿಸಿ ಆ ದಾರಿ ಬಿಟ್ಟು ಹೋದರೆ ಪೂರ್ತಿ ಹೊತ್ತು ಸಿಕ್ಕ ಹಾಗೆ. ಇದು ಕಣ್ಣಿನ ಮತ್ತು ಕಾಲಿನ ಕೆಲಸ. ಇದನ್ನು ಕಲಿಯಲು ಒಂದು ಗುಂಡೂ ಬೇಡ.

ಗುಂಡಿಲ್ಲದ ಅಭ್ಯಾಸ

ಅಭ್ಯಾಸಕ್ಕೆ ಮೊದಲು ಸುರಕ್ಷತೆ. ಅಮೆರಿಕದ ಮರೀನ್ ಪಡೆಯ ಅಧಿಕಾರಿಯಾಗಿದ್ದ ಜೆಫ್ ಕೂಪರ್ 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ಶಾಲೆ ಶುರು ಮಾಡಿದರು. ಅವರು ಜನಪ್ರಿಯ ಮಾಡಿದ ನಾಲ್ಕು ನಿಯಮಗಳು ಇವತ್ತು ಎಲ್ಲಾ ಕಡೆ ಪಾಠವಾಗಿವೆ. ಪ್ರತಿ ಬಂದೂಕಿನಲ್ಲೂ ಗುಂಡು ಇದೆ ಅಂತಲೇ ನಡೆದುಕೊಳ್ಳಬೇಕು. ನಾಶವಾದರೆ ಪರವಾಗಿಲ್ಲ ಅನ್ನಿಸದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಸೈಟ್‌ಗಳು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತುಗಳು) ಗುರಿಯ ಮೇಲೆ ಕೂರುವವರೆಗೂ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಅನ್ನುವುದು ಗೊತ್ತಿರಬೇಕು. ಸಾಮಾನ್ಯವಾಗಿ ಎರಡು ನಿಯಮ ಒಟ್ಟಿಗೆ ಮುರಿದಾಗಲೇ ಮನುಷ್ಯರಿಗೆ ಗುಂಡು ತಾಗುವುದು. ನಳಿಗೆ ಸರಿಯಾದ ಕಡೆ ಇದ್ದರೆ ಬೆರಳು ತಪ್ಪಿದರೂ ಗೋಡೆಗೋ ನೆಲಕ್ಕೋ ಒಂದು ತೂತು, ಅಷ್ಟೇ.

ಶೂಟಿಂಗ್ ಕಲಿಯುವವರಿಗೆ ನಾನು ಕೊಡುವ ಒಂದೇ ಸಲಹೆ ಅಂತಿದ್ದರೆ ಅದು ಡ್ರೈ ಫೈರ್. ಖಾಲಿ ಪಿಸ್ತೂಲಿನಲ್ಲಿ, ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ಇದು. ಇದಕ್ಕೊಂದು ಕಟ್ಟುನಿಟ್ಟಾದ ಕ್ರಮ ಇದೆ. ಮ್ಯಾಗಜೀನ್, ಅಂದರೆ ತೋಟಾ ತುಂಬುವ ಡಬ್ಬಿ, ತೆಗೆಯಬೇಕು. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆ ಎಳೆದು ನಿಲ್ಲಿಸಿ, ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಒಳಗೆ ಕಣ್ಣಿಟ್ಟು ನೋಡಬೇಕು, ಆಮೇಲೆ ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಬೇಕು. ಗುರಿ ಅಂಟಿಸುವ ಗೋಡೆ ನಿಜವಾಗಿಯೂ ಗುಂಡು ತಡೆಯುವಂಥದ್ದಾಗಿರಬೇಕು. ಇನ್ನೊಂದು ವಿಷಯ. ಮನೆಯೊಳಗಿನ ಅವಘಡಗಳಿಗೆ ಹೆಚ್ಚು ದಾರಿ ಮಾಡುವುದು ಅಭ್ಯಾಸ ಮುಗಿದ ಮೇಲಿನ ಹೊತ್ತು. ಮುಗಿಯಿತು ಅಂತ ಪಿಸ್ತೂಲಿಗೆ ತೋಟಾ ತುಂಬಿಟ್ಟು, ‘ಇನ್ನೊಂದೇ ಸಲ’ ಅಂತ ಕೈಗೆತ್ತಿಕೊಳ್ಳುತ್ತೇವಲ್ಲ, ಆ ಹೊತ್ತು. ಅದಕ್ಕೇ ಗುರಿ ಚೀಟಿಯನ್ನು ಗೋಡೆಯಿಂದ ಕಿತ್ತು, ‘ಅಭ್ಯಾಸ ಮುಗಿಯಿತು’ ಅಂತ ಬಾಯಿಬಿಟ್ಟು ಹೇಳುವ ರೂಢಿ ಇಟ್ಟುಕೊಳ್ಳಬೇಕು. ಕೇಳಿದವರು ನಕ್ಕರೆ ನಗಲಿ.

.22 ರಿಮ್‌ಫೈರ್ (ತೋಟಾದ ಅಂಚಿಗೆ ಹೊಡೆತ ಬೀಳುವ) ಪಿಸ್ತೂಲುಗಳಲ್ಲಿ ಖಾಲಿ ಚೇಂಬರ್ ಮೇಲೆ ಟ್ರಿಗರ್ ಒತ್ತಿದರೆ ಫೈರಿಂಗ್ ಪಿನ್ ಚೇಂಬರ್‌ನ ಅಂಚಿಗೇ ಬಡಿದು ಹಾಳಾಗಬಹುದು. ಅಂಥವಕ್ಕೆ ನಕಲಿ ತೋಟಾ ಬೇಕೇ ಬೇಕು. ಈಗಿನ ಹೆಚ್ಚಿನ ಸೆಂಟರ್‌ಫೈರ್ (ತೋಟಾದ ನಡುವಿಗೆ ಹೊಡೆತ ಬೀಳುವ) ಪಿಸ್ತೂಲುಗಳಿಗೆ ಆ ತೊಂದರೆ ಇಲ್ಲ. ಆದರೂ ತಯಾರಕರ ಪುಸ್ತಿಕೆ ಒಮ್ಮೆ ನೋಡಿಬಿಡಿ.

ಈಗ ಅಭ್ಯಾಸ. ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿ. ನಳಿಗೆಯ ತುದಿಯ ಫ್ರಂಟ್ ಸೈಟ್ ಮೇಲೆ ತೋಟಾದ ಖಾಲಿ ಕೇಸ್ ಒಂದನ್ನು ಇನ್ನೊಬ್ಬರಿಂದ ನಿಲ್ಲಿಸಿಕೊಳ್ಳಿ, ಆದರೆ ಅವರು ಪಕ್ಕದಲ್ಲಿ, ನಳಿಗೆಯ ಹಿಂದೆಯೇ ನಿಂತಿರಬೇಕು. ಈಗ ಟ್ರಿಗರ್ ಒತ್ತುತ್ತಾ ಬನ್ನಿ. ಮೊದಲು ಸ್ವಲ್ಪ ಸಡಿಲ ಚಲನೆ, ಆಮೇಲೆ ಒಂದು ಗೋಡೆ ಸಿಕ್ಕ ಹಾಗೆ ತಡೆ. ಅಲ್ಲಿಂದ ಒತ್ತಡ ಏರುತ್ತಾ ಹೋಗಿ ‘ಟಕ್’ ಅನ್ನುತ್ತದೆ. ಆ ‘ಟಕ್’ ಆದಾಗಲೂ ಕೇಸ್ ಬೀಳದೆ ನಿಂತಿದ್ದರೆ ಒತ್ತಿದ್ದು ಸರಿ. ಬಿತ್ತು ಅಂದರೆ ಬೆರಳಿನ ಜೊತೆ ಇಡೀ ಮುಷ್ಟಿಯೂ ಬಿಗಿಯಾಯಿತು ಅಂತ ಅರ್ಥ. ಬಲಗೈಯವರ ಗುಂಡುಗಳು ಸದಾ ಎಡಕ್ಕೆ ಮತ್ತು ಕೆಳಕ್ಕೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಕಾರಣ ಇದೇ, ಸೈಟ್ ತಿರುಗಿಸಿ ಪ್ರಯೋಜನ ಇಲ್ಲ.

ರೇಂಜಿನಲ್ಲಿ ಇದೇ ರೋಗವನ್ನು ಬಯಲು ಮಾಡುವ ಇನ್ನೊಂದು ಉಪಾಯ ಇದೆ. ಮ್ಯಾಗಜೀನಿನಲ್ಲಿ ನಿಜವಾದ ತೋಟಾಗಳ ನಡುವೆ ಒಂದೆರಡು ನಕಲಿ ತೋಟಾ ಸೇರಿಸಿ ಕೊಡುವಂತೆ ಜೊತೆಯವರಿಗೆ ಹೇಳಿ. ಎಲ್ಲಿವೆ ಅಂತ ನಿಮಗೆ ಗೊತ್ತಿರಬಾರದು. ನಕಲಿ ಬಂದಾಗ ಸದ್ದಿಲ್ಲ, ಒದೆತ ಇಲ್ಲ. ಆದರೆ ನಳಿಗೆ ಮಾತ್ರ ಥಟ್ಟನೆ ಕೆಳಗೆ ಬಾಗುತ್ತದೆ. ಒದೆತ ಬರುತ್ತದೆ ಅಂತ ದೇಹ ಮೊದಲೇ ಹೆದರಿ ತಳ್ಳಿದ್ದು ಅದು. ಎಷ್ಟೋ ವರ್ಷದಿಂದ ಹೊಡೆಯುತ್ತಿರುವವರ ಮುಖವೂ ಆಗ ಪೆಚ್ಚಾಗುತ್ತದೆ. ಮದ್ದು ಮತ್ತೆ ಡ್ರೈ ಫೈರೇ.

ತಿಂಗಳಿಗೊಮ್ಮೆ ಅರ್ಧ ದಿನ ರೇಂಜಿನಲ್ಲಿ ಕಳೆಯುವುದಕ್ಕಿಂತ ದಿನಾ ಹತ್ತು ನಿಮಿಷದ ಈ ಅಭ್ಯಾಸ ಮೇಲು. ಹತ್ತು ನಿಮಿಷ ದಾಟಿದರೆ ಗಮನ ಚದುರುತ್ತದೆ, ಸುಮ್ನೆ ಟಕ್ ಟಕ್ ಅನ್ನಿಸುತ್ತಾ ಕೂರುವುದಾಗುತ್ತದೆ. ಹೋಲ್‌ಸ್ಟರ್‌ನಿಂದ ತೆಗೆಯುವುದನ್ನೂ ಹೀಗೆಯೇ ನಿಧಾನವಾಗಿ ಕಲಿಯಬಹುದು. ತೆಗೆಯುವಾಗ ಅವಸರ ಇದ್ದರೂ ಇರಲಿ, ವಾಪಸ್ ಇಡುವಾಗ ಎಂದೂ ಬೇಡ. ಅಂಗಿಯ ತುದಿಯೋ ಜಾಕೆಟ್ಟಿನ ದಾರವೋ ಟ್ರಿಗರ್‌ಗೆ ಸಿಕ್ಕಿಕೊಂಡು ತನ್ನದೇ ತೊಡೆಗೆ ಗುಂಡು ಹಾರಿಸಿಕೊಳ್ಳುವುದು ಆಗಲೇ. ನಿಂತು, ನೋಡಿ, ನಿಧಾನಕ್ಕೆ ಇಡಿ. ಅದಕ್ಕೆ ಯಾರೂ ಬಹುಮಾನ ಕೊಡುತ್ತಿಲ್ಲ.

ಬೆರೆಸಿ ಕಲಿತದ್ದು ನಿಲ್ಲುತ್ತದೆ

ಒಂದೇ ಕೆಲಸವನ್ನು ಸಾಲಾಗಿ ಐವತ್ತು ಸಲ ಮಾಡಿದರೆ ಕೊನೆಗೆ ಚೆನ್ನಾಗಿ ಬರುತ್ತದೆ. ನಾಳೆಗೂ ಹಾಗೇ ಇರುತ್ತದಾ? ಜಾನ್ ಶೀ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಇದನ್ನೇ ಪರೀಕ್ಷಿಸಿದರು. ಟೆನಿಸ್ ಚೆಂಡು ಎತ್ತಿಕೊಂಡು ಮರದ ಸಣ್ಣ ಹಲಗೆಗಳನ್ನು ಹೇಳಿದ ಕ್ರಮದಲ್ಲಿ ಉರುಳಿಸುವ ಆಟ. ಒಂದು ಗುಂಪು ಒಂದು ಕ್ರಮವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಕ್ರಮಗಳನ್ನು ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬೆರೆಸಿ ಕಲಿತವರು ತಡವರಿಸಿದರು. ಆದರೆ ಹತ್ತು ದಿನ ಬಿಟ್ಟು ನೋಡಿದಾಗ ಅವರೇ ಮುಂದಿದ್ದರು.

ಶೂಟಿಂಗ್‌ಗೂ ಇದು ಒಪ್ಪುತ್ತದೆ. ಹೊಸದಾಗಿ ಕಲಿಯುವಾಗ ಒಂದೊಂದನ್ನೇ ಹಿಡಿದು ತಿದ್ದಬೇಕು, ಅದು ಸರಿ. ಕೈ ಸ್ವಲ್ಪ ಕುದುರಿದ ಮೇಲೆ ದೂರ ಬದಲಾಯಿಸಿ. ಒಮ್ಮೆ ಎರಡು ಕೈ, ಒಮ್ಮೆ ಒಂದೇ ಕೈ. ಒಮ್ಮೆ ನಿಂತು, ಒಮ್ಮೆ ಮಂಡಿಯೂರಿ. ಒಂದು ಗುಂಡು, ಆಮೇಲೆ ಮೂರು, ಆಮೇಲೆ ಹೊಡೆಯದೆ ಇಳಿಸುವುದು. ಅಂಕ ಇಳಿಯುತ್ತದೆ, ಬೇಸರವೂ ಆಗುತ್ತದೆ. ಕಲಿಕೆ ನಡೆಯುತ್ತಿರುವುದು ಆಗಲೇ.

ಪಿಸ್ತೂಲು ಅಡಚಿಕೊಂಡಾಗ ಮಾಡುವ ಕೆಲಸವನ್ನೂ ಈ ಬೆರಕೆಯೊಳಗೆ ಸೇರಿಸಿ. ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲ ಅಂದರೆ ಮ್ಯಾಗಜೀನಿನ ತಳಕ್ಕೆ ಅಂಗೈಯಿಂದ ತಟ್ಟಿ, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಡುವುದು ಸಾಮಾನ್ಯ ಪಾಠ. ಬರೀ ರೇಂಜಿನ ಗುರಿ ಅಭ್ಯಾಸವಾದರೆ ಅವಸರ ಬೇಡ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾದು ತೆಗೆಯಬೇಕು, ತಡವಾಗಿ ಸಿಡಿಯುವ ತೋಟಾ ಇರುತ್ತದೆ. ‘ಢಂ’ ಅನ್ನಬೇಕಾದ್ದು ‘ಪುಸ್’ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು.

ಸ್ಪರ್ಧೆಗಳ ಬಗ್ಗೆ ಒಂದು ಮಾತು. ಕೂಪರ್ ಮೊದಲ ಅಧ್ಯಕ್ಷರಾಗಿದ್ದ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ ಹುಟ್ಟಿದ್ದು 1976ರಲ್ಲಿ. ಇಲ್ಲಿ ಓಡುತ್ತಾ, ಮರೆಯಿಂದ ಇಣುಕುತ್ತಾ, ಟೈಮರ್ ವಿರುದ್ಧ ಹೊಡೆಯಬೇಕು. ಎಲ್ಲರ ಮುಂದೆ ಟೈಮರ್ ‘ಬೀಪ್’ ಅಂದಾಗ ಕೈ ನಡುಗುತ್ತದಲ್ಲ, ಆ ಒತ್ತಡವೇ ದೊಡ್ಡ ಲಾಭ. ಆದರೆ ಸ್ಪರ್ಧೆಯಲ್ಲಿ ಎಲ್ಲಾ ಗುರಿಗಳೂ ಮೊದಲೇ ಗೊತ್ತಿರುತ್ತವೆ, ಬಿಟ್ಟು ಓಡಿದರೆ ಸೊನ್ನೆ ಅಂಕ. ನಿಜ ಜೀವನದಲ್ಲಿ ಬಿಟ್ಟು ಓಡುವುದಕ್ಕೇ ಪೂರ್ತಿ ಅಂಕ. ಇಷ್ಟು ನೆನಪಿಟ್ಟುಕೊಂಡು ಆಡಿದರೆ ಸಾಕು.

ಉಸಿರು ಏರಿದಾಗ

ಹೃದಯ ಬಡಿತ ಇಷ್ಟು ದಾಟಿದರೆ ಬೆರಳಿನ ಸೂಕ್ಷ್ಮ ಕೆಲಸ ನಿಂತೇ ಹೋಗುತ್ತದೆ ಅನ್ನುವ ಪಟ್ಟಿಗಳು ತರಬೇತಿ ಕೋಣೆಗಳ ಗೋಡೆ ಮೇಲೆ ಕಾಣುತ್ತವೆ. ನನಗೆ ಅವುಗಳ ಮೇಲೆ ನಂಬಿಕೆ ಕಡಿಮೆ. ಬಯಾಥ್ಲಾನ್ ನೋಡಿ. ಹಿಮದ ಮೇಲೆ ಸ್ಕೀ ಮಾಡುತ್ತಾ ಬಂದು, ಎದೆ ಡವಗುಟ್ಟುತ್ತಿರುವಾಗಲೇ 50 ಮೀಟರ್ ದೂರದ ಗುರಿಗೆ ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ಒಳ್ಳೆಯ ಆಟಗಾರರು ಐದಕ್ಕೆ ಐದೂ ಹೊಡೆಯುತ್ತಾರೆ. ಅಂದರೆ ದಣಿದ ದೇಹದಲ್ಲೂ ಬೆರಳು ಮಾತು ಕೇಳುತ್ತದೆ, ಹಾಗೆ ಪಳಗಿಸಿದ್ದರೆ.

ಹೆದರಿಕೆಯಿಂದ ಏರುವ ಬಡಿತದ ಕಥೆ ಬೇರೆ. ಅಡ್ರಿನಲಿನ್ ಹರಿದಾಗ ಕಣ್ಣು ಎದುರಿನ ಅಪಾಯಕ್ಕೆ ಕಚ್ಚಿಕೊಳ್ಳುತ್ತದೆ, ಅಕ್ಕಪಕ್ಕ ಕಾಣುವುದಿಲ್ಲ. ಪಕ್ಕದಲ್ಲೇ ಹಾರಿದ ಗುಂಡಿನ ಸದ್ದು ಕೇಳಿಸಲಿಲ್ಲ ಅಂದವರಿದ್ದಾರೆ. ಕಾಲ ನಿಧಾನವಾದ ಹಾಗೆ ಅನ್ನಿಸಿತು ಅಂದವರೂ ಇದ್ದಾರೆ. ಬಸ್ಕಿ ಹೊಡೆದು, ಓಡಿ ಬಂದು ಗುರಿಗೆ ಹೊಡೆಯುವ ಅಭ್ಯಾಸ ಒಳ್ಳೆಯದೇ, ಆದರೆ ಅದು ಹೆದರಿಕೆಯ ಬದಲಿಗೆ ಬರುವುದಿಲ್ಲ. ಎದುರಿಗೆ ಮನುಷ್ಯನೇ ಇರುವ, ಬಣ್ಣದ ಗುರುತು ಮಾತ್ರ ಬಿಡುವ ಗುಂಡುಗಳ ತರಬೇತಿ ಇದಕ್ಕೆ ಹತ್ತಿರ ಬರುತ್ತದೆ. ಅದನ್ನು ನುರಿತ ತರಬೇತುದಾರರ ಕೈಕೆಳಗೆ ಮಾತ್ರ ಮಾಡಬೇಕು.

ಉಸಿರನ್ನು ಹಿಡಿತಕ್ಕೆ ತರುವ ದಾರಿ ಮಾತ್ರ ಎರಡಕ್ಕೂ ಒಂದೇ. ನಾಲ್ಕು ಎಣಿಸುತ್ತಾ ಉಸಿರೆಳೆದು, ನಾಲ್ಕು ಎಣಿಸುತ್ತಾ ತಡೆದು, ನಾಲ್ಕು ಎಣಿಸುತ್ತಾ ಬಿಟ್ಟು, ಮತ್ತೆ ನಾಲ್ಕು ಎಣಿಸುವವರೆಗೆ ಸುಮ್ಮನಿರುವುದು. ಅಪಾಯದ ನಡುವೆ ಇದಕ್ಕೆ ಬಿಡುವು ಸಿಗಲಿಕ್ಕಿಲ್ಲ. ಒಂದು ಉದ್ದನೆಯ ನಿಟ್ಟುಸಿರಾದರೂ ಬಿಡಬಹುದಲ್ಲ. ಗುರಿ ಇಡುವಾಗ ಉಸಿರು ಬಿಟ್ಟ ಮೇಲಿನ ಸಹಜ ವಿರಾಮದಲ್ಲಿ ಟ್ರಿಗರ್ ಒತ್ತುವುದು ಒಳ್ಳೆಯದು. ತುಂಬಾ ಹೊತ್ತು ಉಸಿರು ಕಟ್ಟಿ ನಿಂತರೆ ಕೈ ನಡುಗುತ್ತದೆ, ನೋಟವೂ ಮಂಜಾಗುತ್ತದೆ.

ಯಾವ ಕಸುವು ಬೇಕು

ಜೀವದ ಮೇಲೆ ಬಂದ ಹೊತ್ತು ಸಾಮಾನ್ಯವಾಗಿ ಕೆಲವೇ ಸೆಕೆಂಡು. ಹಾಗಾದರೆ ಕಿಲೋಮೀಟರ್‌ಗಟ್ಟಲೆ ಓಡಿ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಉತ್ತರ ಸ್ನಾಯುವಿನೊಳಗಿದೆ. ಪೂರ್ತಿ ಜೋರಿನಲ್ಲಿ ಓಡಲು ಅಥವಾ ಗುದ್ದಾಡಲು ಸ್ನಾಯುಗಳು ಮೊದಲು ಬಳಸುವುದು ಕ್ರಿಯೇಟಿನ್ ಫಾಸ್ಫೇಟ್ ಅನ್ನುವ ಕೂಡಿಟ್ಟ ಇಂಧನವನ್ನು. ಅದು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬಹುತೇಕ ಖಾಲಿಯಾಗುತ್ತದೆ. ಮತ್ತೆ ತುಂಬಲು ಮೂರರಿಂದ ಐದು ನಿಮಿಷ ಬೇಕು, ಮತ್ತು ತುಂಬಲು ಆಮ್ಲಜನಕ ಬೇಕು. ದಮ್ಮು ಚೆನ್ನಾಗಿರುವವರಲ್ಲಿ ಅದು ಬೇಗ ತುಂಬುತ್ತದೆ. ಒಮ್ಮೆ ಓಡಿ ಗೋಡೆಯ ಮರೆಗೆ ಬಂದ ಮೇಲೆ ಇನ್ನೊಮ್ಮೆ ಓಡಬೇಕಾಗಿ ಬಂದರೆ, ಪೊಲೀಸರಿಗೆ ಫೋನ್ ಮಾಡಿ ಅರ್ಥವಾಗುವ ಹಾಗೆ ಮಾತಾಡಬೇಕಾದರೆ, ಇದೇ ವ್ಯತ್ಯಾಸ ಕಾಣುವುದು.

ಹಾಗಾಗಿ ಎರಡೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಶೂಟರ್‌ಗಳಿಗೆ ಅಂತ ಬೇರೆ ಮಂತ್ರ ಏನೂ ಇಲ್ಲ. ಚುರುಕು ನಡಿಗೆಯಿಂದ ಶುರು ಮಾಡಿ, ದೇಹ ಒಗ್ಗಿದ ಮೇಲೆ ವಾರಕ್ಕೊಮ್ಮೆ ಸಣ್ಣ ಸಣ್ಣ ಓಟ ಸೇರಿಸಿದರೆ ದಮ್ಮು ಬರುತ್ತದೆ. ಹೃದಯದ ತೊಂದರೆ ಇದ್ದವರು, ತುಂಬಾ ವರ್ಷ ಮೈ ಬಗ್ಗಿಸದವರು ವೈದ್ಯರನ್ನು ಕೇಳಿ ಶುರು ಮಾಡಲಿ.

ಬಲದಲ್ಲಿ ನನ್ನ ಮೊದಲ ಓಟು ಕುಳಿತು ಏಳುವುದಕ್ಕೆ. ಹೊಸಬರನ್ನು ಗಮನಿಸಿ. ಮರೆಯ ಹಿಂದೆ ಮಂಡಿಯೂರಿ ಕೂರುತ್ತಾರೆ, ಏಳುವಾಗ ಒಂದು ಕೈ ನೆಲಕ್ಕೆ ಊರುತ್ತಾರೆ. ಇನ್ನೊಂದು ಕೈಯಲ್ಲಿರುವ ಪಿಸ್ತೂಲಿನ ನಳಿಗೆ ಆ ಹೊತ್ತಿಗೆ ಎತ್ತ ಹೊರಳಿತು ಅಂತ ಅವರಿಗೇ ಗೊತ್ತಿರುವುದಿಲ್ಲ. ಇಲ್ಲಿ ತಪ್ಪಿದ್ದು ಸುರಕ್ಷತೆ, ಕಾರಣ ತೊಡೆಯಲ್ಲಿ ಬಲ ಇಲ್ಲದ್ದು. ಮನೆಯಲ್ಲಿ ನೆಲಕ್ಕೆ ಅಂಗಾತ ಮಲಗಿ, ಬಲಗೈಯಲ್ಲಿ ನೀರು ತುಂಬಿದ ಲೋಟ ಹಿಡಿದು, ಚೆಲ್ಲದೆ ಎದ್ದು ನಿಲ್ಲಲು ನೋಡಿ. ಆಮೇಲೆ ಎಡಗೈಯಲ್ಲಿ. ಸಲೀಸಾಗಿ ಬಂದರೆ ಸೊಂಟ, ಹೊಟ್ಟೆ, ತೊಡೆ ಒಟ್ಟಿಗೆ ಕೆಲಸ ಮಾಡುತ್ತಿವೆ. ಬರಲಿಲ್ಲ ಅಂದರೆ ಅಲ್ಲಿಂದಲೇ ಶುರು ಮಾಡಿ.

ಇನ್ನು ಹಿಡಿತ. ಎರಡು ಕೈಯಲ್ಲೂ ಭಾರವಾದ ಬಕೆಟ್ ಅಥವಾ ಡಂಬೆಲ್ ಹಿಡಿದು ನಡೆಯುವುದು, ಕಂಬಿಗೆ ಜೋತು ಬೀಳುವುದು, ಇವೆರಡೇ ಸಾಕು. ಹಿಡಿತ ಗಟ್ಟಿ ಇದ್ದಷ್ಟೂ ಒದೆತ ಬೇಗ ತಣ್ಣಗಾಗಿ ಸೈಟ್ ಮೊದಲಿನ ಜಾಗಕ್ಕೆ ಬರುತ್ತದೆ. ಕೈಯಲ್ಲಿ ಬಲ ಉಳಿದಿದ್ದರೆ ಟ್ರಿಗರ್ ಬೆರಳನ್ನು ಮುಷ್ಟಿಯಿಂದ ಬೇರೆಯಾಗಿ ಆಡಿಸುವುದೂ ಸುಲಭ. ಆದರೆ ಅತಿ ಬೇಡ. ಮೊಣಕೈಯ ಸ್ನಾಯುರಜ್ಜು ಕೆರಳಿದರೆ ತಿಂಗಳುಗಟ್ಟಲೆ ನೋವು, ಶೂಟರ್‌ಗಳಲ್ಲಿ ಇದು ಹಳೇ ಪರಿಚಯದ ಕಾಯಿಲೆ.

ಸ್ಲೈಡ್ ಎಳೆಯಲು ಆಗುವುದಿಲ್ಲ ಅಂತ ಎಷ್ಟೋ ಜನ ಅದರಲ್ಲೂ ವಯಸ್ಸಾದವರು ಸಣ್ಣ ಪಿಸ್ತೂಲು ಹುಡುಕುತ್ತಾರೆ. ಸಣ್ಣ ಪಿಸ್ತೂಲುಗಳ ಸ್ಪ್ರಿಂಗ್ ಎಷ್ಟೋ ಸಲ ಇನ್ನೂ ಬಿಗಿ. ಬಲಕ್ಕಿಂತ ಇಲ್ಲಿ ವಿಧಾನ ಮುಖ್ಯ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡ ಅಂಗೈಯನ್ನು ಸ್ಲೈಡಿನ ಮೇಲಿಂದ ಪೂರ್ತಿ ಹಾಕಿ ಬಿಗಿಯಾಗಿ ಹಿಡಿಯಬೇಕು. ಆಮೇಲೆ ಎಡಗೈ ಕದಲದ ಹಾಗೆ ಇಟ್ಟು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಬೆರಳ ತುದಿಯಿಂದ ಚಿವುಟಿ ಎಳೆಯುವುದಕ್ಕಿಂತ ಎಷ್ಟೋ ಸುಲಭ. ಒಂದೇ ಎಚ್ಚರ, ಹೀಗೆ ಮಾಡುವಾಗ ನಳಿಗೆ ಎಡಕ್ಕೆ ತಿರುಗಿ ಪಕ್ಕದವರ ಕಡೆ ಹೋಗುತ್ತದೆ. ದೇಹವನ್ನೇ ಓರೆ ಮಾಡಿ ನಿಂತು ನಳಿಗೆಯನ್ನು ಗುರಿಯ ಕಡೆಗೇ ಇಡಬೇಕು.

ಬೆರಳಿನ ನಿಯಮ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೂ ದೇಹವೇ ಉತ್ತರ ಕೊಡುತ್ತದೆ. ಸ್ನಾಯುಗಳ ಚಲನೆಯನ್ನು ಅಧ್ಯಯನ ಮಾಡಿದ ರೋಜರ್ ಎನೋಕಾ 2003ರಲ್ಲಿ ಗುಂಡು ತಾನಾಗಿ ಹಾರುವ ಮೂರು ಸಂದರ್ಭಗಳನ್ನು ವಿವರಿಸಿದರು. ಒಂದು ಕೈ ಜೋರಾಗಿ ಏನನ್ನೋ ಹಿಡಿದಾಗ ಇನ್ನೊಂದು ಕೈಯೂ ತಂತಾನೇ ಬಿಗಿಯುತ್ತದೆ. ಕಾಲು ಜಾರಿದಾಗ ಕೈ ಮುಷ್ಟಿಯಾಗುತ್ತದೆ. ಬೆಚ್ಚಿಬಿದ್ದಾಗಲೂ ಹಾಗೇ. ಮನಸ್ಸು ಬೇಡ ಅಂದರೂ ಇದು ನಡೆದುಹೋಗುತ್ತದೆ, ಎಷ್ಟು ಧೈರ್ಯ ಇದ್ದರೂ ತಡೆಯಲಾಗದು. ಬೆರಳು ಟ್ರಿಗರ್‌ನ ಹೊರಗೆ, ಪಿಸ್ತೂಲಿನ ಮೈಗೆ ಚಾಚಿಕೊಂಡಿದ್ದರೆ ಮಾತ್ರ ಬಚಾವು.

ಕಣ್ಣು, ಕಿವಿ, ನಿದ್ದೆ

ನಲವತ್ತು ದಾಟಿದವರಿಗೆ ಒಂದು ದಿನ ಫ್ರಂಟ್ ಸೈಟ್ ಮಸುಕಾಗಿ ಕಾಣುತ್ತದೆ. ಅಭ್ಯಾಸ ಕಡಿಮೆಯಾಯಿತು ಅಂತ ತಲೆಕೆಡಿಸಿಕೊಳ್ಳಬೇಡಿ, ಕಣ್ಣಿನ ಮಸೂರ ಗಡಸಾಗಿದೆ ಅಷ್ಟೇ. ಪ್ರೊಗ್ರೆಸಿವ್ ಕನ್ನಡಕ ಹಾಕುವವರಿಗೆ ಹತ್ತಿರದ ನೋಟ ಗಾಜಿನ ಕೆಳಭಾಗದಲ್ಲಿರುತ್ತದೆ. ಸೈಟ್ ನೋಡಲು ತಲೆ ಹಿಂದಕ್ಕೆ ವಾಲುತ್ತದೆ, ಭಂಗಿ ಕೆಡುತ್ತದೆ. ಪಿಸ್ತೂಲು ಚಾಚಿದಾಗ ಕಣ್ಣಿಗೂ ಫ್ರಂಟ್ ಸೈಟ್‌ಗೂ ಎಷ್ಟು ದೂರ ಅಂತ ಅಳತೆ ಮಾಡಿಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ಹೇಳಿದರೆ ಅದಕ್ಕೆ ತಕ್ಕ ಗಾಜು ಕೊಡುತ್ತಾರೆ. ರೆಡ್ ಡಾಟ್ ಸೈಟ್ ಇನ್ನೊಂದು ದಾರಿ. ಗುರಿಯನ್ನೇ ನೋಡುತ್ತಿದ್ದರೆ ಸಾಕು, ಚುಕ್ಕಿ ಅದರ ಮೇಲೆ ಕಾಣುತ್ತದೆ. ಅಸ್ಟಿಗ್ಮಾಟಿಸಂ (ಕಣ್ಣಿನ ವಕ್ರತೆಯ ದೋಷ) ಇದ್ದವರಿಗೆ ಮಾತ್ರ ಆ ಚುಕ್ಕಿ ಸಿಡಿದ ನಕ್ಷತ್ರದ ಹಾಗೆ ಕಾಣಬಹುದು. ಕೊಳ್ಳುವ ಮೊದಲು ಬೇರೆಯವರದ್ದರಲ್ಲಿ ನೋಡಿ.

ಕಿವಿ ಒಮ್ಮೆ ಹೋದರೆ ಹೋಯಿತು. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಶಾಶ್ವತ ಹಾನಿ ಮಾಡಬಲ್ಲದು. ಬಹುತೇಕ ಬಂದೂಕುಗಳ ಸದ್ದು ಅದನ್ನು ಮೀರಿದ್ದು. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿ. ತೋಟಾದ ಪ್ರೈಮರ್‌ನಲ್ಲೂ (ಕಿಡಿ ಹೊತ್ತಿಸುವ ಭಾಗ) ಗುಂಡಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ರೇಂಜಿನಲ್ಲಿ ತಿನ್ನಬೇಡಿ, ಹೊರಗೆ ಬಂದ ಕೂಡಲೇ ಸೋಪು ಹಾಕಿ ಕೈ ಮುಖ ತೊಳೆಯಿರಿ, ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳಿ.

ನಿದ್ದೆಯ ಬಗ್ಗೆ ಶೂಟರ್‌ಗಳು ಮಾತಾಡುವುದೇ ಕಡಿಮೆ. 17 ಗಂಟೆ ಎಚ್ಚರವಾಗಿದ್ದವರ ಚುರುಕುತನ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರ ಒಂದು ಅಧ್ಯಯನ ತೋರಿಸಿದೆ. ಕುಡಿದು ರೇಂಜಿಗೆ ಹೋಗುವುದಿಲ್ಲ ಅಲ್ವಾ? ರಾತ್ರಿಪಾಳಿ ಮುಗಿಸಿ ನೇರ ರೇಂಜಿಗೂ ಹೋಗಬೇಡಿ.

ಒಂದು ಕೈ ಇಲ್ಲದಿದ್ದಾಗ

1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಎಂಟು ಎಫ್‌ಬಿಐ ಏಜೆಂಟರಿಗೂ ಗುಂಡಿನ ಚಕಮಕಿ ನಡೆಯಿತು. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎಡ್ಮುಂಡೋ ಮಿರೆಲೆಸ್ ಅವರ ಎಡ ಮುಂಗೈ ಗುಂಡಿಗೆ ಛಿದ್ರವಾಗಿತ್ತು. ಅವರು ಸಾಮಾನ್ಯವಾಗಿ ಎರಡು ಕೈ ಬೇಕಾಗುವ ಪಂಪ್ ಶಾಟ್‌ಗನ್ನನ್ನು ಒಂದೇ ಕೈಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಹೊಡೆದರು, ಕೊನೆಗೆ ರಿವಾಲ್ವರ್ ಹಿಡಿದು ಮುಂದೆ ನಡೆದು ಆ ಇಬ್ಬರನ್ನೂ ನಿಲ್ಲಿಸಿದರು. ಈ ಘಟನೆಯ ನಂತರ ದೊಡ್ಡ ಚರ್ಚೆ ನಡೆದದ್ದು ಯಾವ ಅಳತೆಯ ಗುಂಡು ಬೇಕು ಅಂತ. ನನಗೆ ಅದಕ್ಕಿಂತ ಹೆಚ್ಚು ಕಾಣುವುದು ಆ ಒಂದು ಕೈ. ಒಂದೇ ಕೈಯಲ್ಲಿ, ಅದರಲ್ಲೂ ಎಡಗೈಯಲ್ಲಿ ಹೊಡೆಯುವುದನ್ನು ಬಹಳ ಜನ ಕಲಿಯುವುದೇ ಇಲ್ಲ.

ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಬಿಗಿಯುವ ಪಟ್ಟಿ, ಟೂರ್ನಿಕೆಟ್ ಕೂಡ ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಬರಬೇಕು. ಗಾಯಕ್ಕಿಂತ ಐದರಿಂದ ಏಳು ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬಾರದ ಹಾಗೆ ಕಟ್ಟಿ, ರಕ್ತ ನಿಲ್ಲುವವರೆಗೂ ಬಿಗಿ ಮಾಡಿ, ಕಟ್ಟಿದ ಸಮಯ ಬರೆಯಬೇಕು. ನೋವಾಗುತ್ತದೆ, ನೋವಾಯಿತು ಅಂತ ಸಡಿಲಿಸಬಾರದು. ಸಾಮಾನ್ಯ ಜನರಿಗೆ ಇದನ್ನು ಕಲಿಸಲು ಅಮೆರಿಕದಲ್ಲಿ 2015ರಲ್ಲಿ ‘ಸ್ಟಾಪ್ ದಿ ಬ್ಲೀಡ್’ ಅಭಿಯಾನವೇ ಶುರುವಾಯಿತು. ರಸ್ತೆ ಅಪಘಾತದಲ್ಲೂ ಯಂತ್ರಕ್ಕೆ ಕೈ ಸಿಕ್ಕಾಗಲೂ ಇದೇ ವಿದ್ಯೆ ಬೇಕು. ಹಾಗಾಗಿ ಪಿಸ್ತೂಲಿಗಿಂತ ಮೊದಲು ಇದು ಬಳಕೆಗೆ ಬರುವ ಸಾಧ್ಯತೆಯೇ ಜಾಸ್ತಿ.

ಹೊಡೆಯಬಾರದ ಅಭ್ಯಾಸ

ಕಾನೂನು ಒಂದೊಂದು ಕಡೆ ಒಂದೊಂದು ಥರ. ಆದರೂ ಹೆಚ್ಚಿನ ಕಡೆ ಕೇಳುವ ಪ್ರಶ್ನೆಗಳು ಒಂದೇ. ಅಪಾಯ ಆ ಕ್ಷಣದ್ದಾಗಿತ್ತೇ? ಬೇರೆ ದಾರಿ ಇರಲಿಲ್ಲವೇ? ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟೇ ಇತ್ತೇ? ನಿಮ್ಮ ಊರಿನ ಕಾನೂನನ್ನು ವಕೀಲರ ಬಾಯಲ್ಲೇ ಒಮ್ಮೆ ಕೇಳಿಸಿಕೊಳ್ಳಿ. ರೇಂಜಿನಲ್ಲಿ ಪಕ್ಕದವರು ಹೇಳಿದ್ದನ್ನು ನಂಬಬೇಡಿ.

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ತಲೆಗೆ ಬಿಡುವು ಬೇಕು. ಹಿಡಿತ, ಸೈಟ್, ಟ್ರಿಗರ್ ಎಲ್ಲಾ ಕೈಗೆ ರೂಢಿಯಾಗಿದ್ದರೆ, ಉಸಿರು ಹಿಡಿತದಲ್ಲಿದ್ದರೆ ಆ ಬಿಡುವು ಸಿಗುತ್ತದೆ. ಗುರಿ ಹಲಗೆಗಳ ಮೇಲೆ ಮನುಷ್ಯರ ಚಿತ್ರ ಅಂಟಿಸಿ. ಕೆಲವರ ಕೈಯಲ್ಲಿ ಆಯುಧ, ಕೆಲವರ ಕೈಯಲ್ಲಿ ಫೋನ್, ಕೀಲಿ, ಮಗು. ಜೊತೆಯವರು ಚಿತ್ರ ಬದಲಿಸುತ್ತಿರಲಿ. ಹೊಡೆಯಬೇಕಾದ ಚಿತ್ರ ಕಡಿಮೆ ಇರಲಿ. ಕೆಲವು ಸಲ ಸರಿ ಉತ್ತರ ‘ದೂರ ಹೋಗಿ!’ ಅಂತ ಕೂಗಿ ಹಿಂದೆ ಸರಿಯುವುದೇ ಆಗಿರಲಿ. ಟ್ರಿಗರ್ ಒತ್ತುವುದನ್ನು ಎಷ್ಟು ಸಲ ಅಭ್ಯಾಸ ಮಾಡುತ್ತೀರೋ ಒತ್ತದೆ ಇಳಿಸುವುದನ್ನೂ ಅಷ್ಟೇ ಸಲ ಮಾಡಬೇಕು.

ಮನೆಯಲ್ಲಿ ಪಿಸ್ತೂಲು ಬೀಗದೊಳಗಿರಬೇಕು. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಇಲ್ಲ. ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ, ಅದು ನೀವೇ ಆಗಿದ್ದರೂ, ಕಾನೂನು ಒಪ್ಪುವ ದಾರಿಯಲ್ಲಿ ಅದನ್ನು ಸ್ವಲ್ಪ ಕಾಲ ಮನೆಯಿಂದ ಹೊರಗಿಡಿ. ಬಂದೂಕಿರುವ ಮನೆಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಒಂದು ವಾರವನ್ನು ಹೀಗೆ ಹೊಂದಿಸಿಕೊಳ್ಳಬಹುದು. ನಾಲ್ಕೈದು ದಿನ ಹತ್ತು ನಿಮಿಷದ ಡ್ರೈ ಫೈರ್. ಎರಡು ದಿನ ಬಲದ ವ್ಯಾಯಾಮ, ಉಳಿದ ದಿನ ನಡಿಗೆ ಅಥವಾ ಓಟ. ರೇಂಜಿಗೆ ಹೋಗುವ ಹಿಂದಿನ ದಿನ ಹಿಡಿತದ ವ್ಯಾಯಾಮ ಬೇಡ, ಕೈ ನಡುಗುತ್ತದೆ. ರೇಂಜಿನಲ್ಲಿ ಕೈ ಬಿಸಿ ಮಾಡಿಕೊಳ್ಳುವ ಮೊದಲೇ ಐದು ಗುಂಡುಗಳನ್ನು ಬೇರೆ ಹಾಳೆಯ ಮೇಲೆ ಹೊಡೆದು, ದಿನಾಂಕ ಬರೆದು ಇಟ್ಟುಕೊಳ್ಳಿ. ಗಂಟೆಗಟ್ಟಲೆ ಹೊಡೆದು ಕೈ ಕುದುರಿದ ಮೇಲಿನ ಒಳ್ಳೆಯ ಹಾಳೆ ಎಲ್ಲರ ಹತ್ತಿರವೂ ಇರುತ್ತದೆ. ಆರು ತಿಂಗಳ ಮೊದಲ ಐದು ಗುಂಡುಗಳ ಹಾಳೆಗಳನ್ನು ಸಾಲಾಗಿ ಹರಡಿ ನೋಡಿದರೆ ನೀವು ಎಲ್ಲಿದ್ದೀರಿ ಅನ್ನುವುದು ಗೊತ್ತಾಗುತ್ತದೆ.